‘ಒಪ್ಪಿದೆ’ ಒತ್ತುವ ಮುಂಚೆ ಪುಟದ ಬುಡ ನೋಡಿ

ತುಮಕೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೆಲಸ. ಸ್ಕಾಲರ್‌ಶಿಪ್ ಇರಲಿ, ಪಹಣಿ ಇರಲಿ, ಸ್ಕಂದಗಿರಿ ಚಾರಣದ ಟಿಕೆಟ್ ಇರಲಿ, ಕೊನೆಗೊಂದು ಪುಟ್ಟ ಚೌಕ ಬಂದೇ ಬರುತ್ತದೆ. ‘ನಿಯಮ ಮತ್ತು ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ.’ ಟಿಕ್ ಹಾಕದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ದಿನಕ್ಕೆ ಮೂವತ್ತು ನಲವತ್ತು ಸಲ ಹಾಕುತ್ತೇನೆ. ಓದಿ ಹಾಕ್ತೀನಾ? ಹಿಂದೆ ಹತ್ತು ಜನ ನಿಂತಿರುತ್ತಾರೆ. ಸರ್ವರ್ ಯಾವಾಗ ಬೀಳುತ್ತೋ ಗೊತ್ತಿಲ್ಲ. ಓದೋಕೆ ಪುರುಸೊತ್ತೆಲ್ಲಿ?

ಆ ಉದಾಸೀನಕ್ಕೆ ನನಗೇ ಪೆಟ್ಟು ಬಿತ್ತು. ಪ್ರಿಂಟರ್ ಇಂಕ್ ತರಿಸಿದ ಸೈಟೊಂದು ತಿಂಗಳಿಗೆ 149 ರೂಪಾಯಿಯಂತೆ ಐದು ತಿಂಗಳು ಹಣ ಎಳೆದಿತ್ತು. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಕಣ್ಣಿಗೆ ಬಿತ್ತು. ನಿಯಮದ ಪುಟ ತೆರೆದರೆ ಅಲ್ಲೇ ಬರೆದಿದೆ: ಮೊದಲ ತಿಂಗಳು ಮೆಂಬರ್‌ಶಿಪ್ ಉಚಿತ, ಆಮೇಲೆ ತಾನಾಗೇ ಮುಂದುವರಿಯುತ್ತದೆ. ಪ್ರತಿ ಸಲ ಹಣ ಹೋಗುವ 24 ಗಂಟೆ ಮುಂಚೆ ಬ್ಯಾಂಕಿನಿಂದ ಎಸ್ಸೆಮ್ಮೆಸ್ ಕೂಡ ಬಂದಿತ್ತು. ಜಾಹೀರಾತು ಅಂದುಕೊಂಡು ಸರಿಸಿಬಿಟ್ಟಿದ್ದೆ.

ಅವತ್ತಿನಿಂದ ಈ ಪುಟಗಳನ್ನು ಓದುವ ಚಟ ಹತ್ತಿದೆ. ಪೂರ್ತಿ ಓದುವುದಿಲ್ಲ, ಅದು ಆಗುವ ಕೆಲಸವಲ್ಲ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಐದು ನಿಮಿಷ ಸಾಕು. ತಿಪಟೂರಿನ ಕಡೆ ತೆಂಗಿನ ಸಸಿ ಕೊಳ್ಳುವವರು ಗರಿ ನೋಡಿ ಮಾರುಹೋಗುವುದಿಲ್ಲ, ಬುಡ ದಪ್ಪಗಿದೆಯಾ ಅಂತ ನೋಡುತ್ತಾರೆ. ವೆಬ್‌ಸೈಟಿಗೂ ಅದೇ ಲೆಕ್ಕ.

ಮೊದಲು ವಿಳಾಸ

ಬುಡಕ್ಕೆ ಹೋಗುವ ಮುಂಚೆ ಒಮ್ಮೆ ತಲೆ ನೋಡಿ, ಅಂದರೆ ಮೇಲಿನ ವಿಳಾಸದ ಪಟ್ಟಿ. ಸರ್ಕಾರದ ತಾಣಗಳ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ (gov.in) ಅಥವಾ ‘ನಿಕ್ ಡಾಟ್ ಇನ್’ (nic.in) ಅಂತ ಮುಗಿಯುತ್ತದೆ. ಮುಗಿಯಬೇಕು ಅನ್ನುವುದು ಮುಖ್ಯ. ‘ಗವ್’ ಅನ್ನುವ ಪದವನ್ನು ವಿಳಾಸದ ಮಧ್ಯದಲ್ಲಿ ಯಾರು ಬೇಕಾದರೂ ತುರುಕಬಹುದು. ಮೊದಲ ಒಂಟಿ ಓರೆಗೆರೆಯ (/) ಎಡಕ್ಕೆ ತಾಗಿಕೊಂಡು ಏನಿದೆಯೋ ಅದೇ ಸೈಟಿನ ನಿಜವಾದ ಹೆಸರು.

ಬೀಗದ ಗುರುತು ಕಂಡರೆ ಸೈಟು ಒಳ್ಳೆಯದು ಅಂತ ಜಾಸ್ತಿ ಜನ ನಂಬಿದ್ದಾರೆ. ಅಲ್ಲ. ನಿಮ್ಮ ಫೋನಿಗೂ ಆ ಸೈಟಿಗೂ ನಡುವಿನ ದಾರಿಯಲ್ಲಿ ಯಾರೂ ಇಣುಕುವುದಿಲ್ಲ ಅಂತಷ್ಟೇ ಅದರ ಅರ್ಥ. ದಾರಿ ಭದ್ರ. ಆದರೆ ಆ ಕೊನೆಯಲ್ಲಿ ಕೂತಿರುವವನು ಕಳ್ಳನೂ ಆಗಿರಬಹುದು. ಜನ ಹೀಗೆ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗ ತೆಗೆದು ಬೇರೆ ಗುರುತು ಹಾಕಿತು.

ಆಮೇಲೆ ಬುಡ

ಈಗ ಪುಟವನ್ನು ಕೊನೆಯವರೆಗೆ ಎಳೆಯಿರಿ. ಸಣ್ಣ ಅಕ್ಷರದಲ್ಲಿ ಒಂದು ಸಾಲು ಲಿಂಕುಗಳಿರುತ್ತವೆ. ಕನ್ನಡದಲ್ಲಿ ಒಂದೊಂದು ಕಡೆ ಒಂದೊಂದು ಹೆಸರು. ಬಳಕೆಯ ನಿಯಮ, ನಿಬಂಧನೆ, ಷರತ್ತು ಅಂದರೆ ಎಲ್ಲ ಒಂದೇ. ಗೌಪ್ಯತಾ ನೀತಿ, ಖಾಸಗಿತನ ನೀತಿ ಅಂದರೂ ಒಂದೇ. ‘ಪ್ರವೇಶಿಸುವಿಕೆ’ ಅಂತ ಒಂದು ಕಂಡರೆ ಬಾಗಿಲಿನ ವಿಚಾರ ಅಂದುಕೊಳ್ಳಬೇಡಿ. ಅಂಗವಿಕಲರು ಸೈಟನ್ನು ಹೇಗೆ ಬಳಸಬಹುದು ಅನ್ನುವ ಪುಟ ಅದು. ಯಾರು ಅನುವಾದ ಮಾಡಿದರೋ, ಅವರ ಮನೆಯವರಿಗಾದರೂ ಅರ್ಥವಾಯಿತಾ ಅಂತ ನನಗೆ ಅನುಮಾನ.

ಜಿಲ್ಲೆಯ ಸರ್ಕಾರಿ ಸೈಟುಗಳಲ್ಲಿ ಇವೆಲ್ಲ ‘ವೆಬ್‌ಸೈಟ್ ನೀತಿಗಳು’ ಅನ್ನುವ ಒಂದೇ ಪುಟದಲ್ಲಿ ಸಿಗುತ್ತವೆ. ಅಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು. ಇಲ್ಲಿನ ಮಾಹಿತಿಯನ್ನು ಕಾನೂನಿನ ಮಾತು ಅಂತ ತೆಗೆದುಕೊಳ್ಳಬೇಡಿ, ಅನುಮಾನ ಬಂದರೆ ಇಲಾಖೆಯನ್ನೇ ಕೇಳಿ. ಇಲ್ಲಿಂದ ಬೇರೆ ಸೈಟಿಗೆ ಹೋದರೆ ಅಲ್ಲಿಯದಕ್ಕೆ ನಾವು ಹೊಣೆಯಲ್ಲ. ಮಾಹಿತಿ ಬಳಸಿದರೆ ತಿರುಚಬೇಡಿ, ಎಲ್ಲಿಂದ ತೆಗೆದುಕೊಂಡಿದ್ದು ಅಂತ ಹೇಳಿ. ಮೊದಲನೆಯದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ಸೈಟಿನಲ್ಲಿ ಕೊನೆಯ ದಿನಾಂಕ ಹಾಗಿತ್ತು ಅಂತ ಕಚೇರಿಯಲ್ಲಿ ಜಗಳ ಆಡಿದರೆ ಅವರು ಇದೇ ಸಾಲು ತೋರಿಸುತ್ತಾರೆ. ಸುತ್ತೋಲೆಯ ಪ್ರತಿಯನ್ನೇ ಇಳಿಸಿಕೊಂಡಿರಿ.

ಖಾಸಗಿ ಸೈಟಿನಲ್ಲಿ ಐದು ಪದ ಹುಡುಕಿ

ನಾವು ದುಡ್ಡು ಕೊಡುವ ಸೈಟುಗಳ ನಿಯಮ ಉದ್ದ. ಸುಮಾರು ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ, ‘ಪುಟದಲ್ಲಿ ಹುಡುಕಿ’ ತೆಗೆದುಕೊಳ್ಳಿ. ಈ ಪದಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಿ: ರಿನ್ಯೂ (renew), ರೀಫಂಡ್ (refund, ಅಂದರೆ ಹಣ ವಾಪಸ್), ಲೈಸೆನ್ಸ್ (license), ಮಾಡಿಫೈ (modify), ಜೂರಿಸ್‌ಡಿಕ್ಷನ್ (jurisdiction). ಪದ ಸಿಕ್ಕ ಕಡೆ ಅದರ ಹಿಂದಿನ ಮುಂದಿನ ಎರಡು ಸಾಲು ಓದಿ. ಇಂಗ್ಲಿಷ್ ಬರದಿದ್ದರೆ ಅದೇ ಮೂರು ಚುಕ್ಕಿಯಲ್ಲಿ ‘ಅನುವಾದಿಸಿ’ ಇದೆ. ಕನ್ನಡ ಸ್ವಲ್ಪ ಸೊಟ್ಟಗೆ ಬರುತ್ತದೆ, ವಿಷಯ ತಿಳಿಯುತ್ತದೆ.

ರಿನ್ಯೂ ನನಗೆ ಪೆಟ್ಟು ಕೊಟ್ಟ ಪದ. ಅದರ ಹತ್ತಿರ ‘ಆಟೋ’ ಅಂತ ಇದ್ದರೆ ರದ್ದು ಮಾಡುವುದು ಹೇಗೆ ಅಂತ ಮೊದಲೇ ನೋಡಿಕೊಂಡು ಕಾರ್ಡ್ ನಂಬರ್ ಹಾಕಿ. ಟಿಕ್ ಮೊದಲೇ ಬಿದ್ದಿದ್ದರೆ ಅದು ತಪ್ಪು. ಇ-ಕಾಮರ್ಸ್ ಬಗ್ಗೆ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮಗಳು ಇದನ್ನು ಒಪ್ಪುವುದಿಲ್ಲ. ಟಿಕ್ ಗ್ರಾಹಕರೇ ಹಾಕಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಆಟಗಳ ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಬುಟ್ಟಿಗೆ ಗೊತ್ತಾಗದಂತೆ ವಸ್ತು ಸೇರಿಸುವುದು, ಸೇರುವುದು ಸುಲಭ ಆದರೆ ಬಿಡುವುದು ಕಷ್ಟ ಮಾಡುವುದು, ಎಲ್ಲ ಅದರಲ್ಲಿವೆ.

ಲೈಸೆನ್ಸ್ ಪದ ನೀವು ಫೋಟೋ, ವಿಡಿಯೋ ಹಾಕುವ ಸೈಟುಗಳಿಗೆ. ನಿಮ್ಮ ಫೋಟೋ ನಿಮ್ಮದೇ, ಆದರೆ ನಾವೂ ಬಳಸಬಹುದು ಅಂತ ಅಲ್ಲಿ ಬರೆದಿರುತ್ತದೆ. ಮಾಡಿಫೈ ಅಂದರೆ ನಿಯಮವನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು ಅನ್ನುವ ಸಾಲು. ಹಾಗಾಗಿ ನೀವು ಒಪ್ಪಿದ ದಿನದ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಪ್ರಿಂಟ್ ಒತ್ತಿ, ಪ್ರಿಂಟರಿನ ಬದಲು ‘ಪಿಡಿಎಫ್ ಆಗಿ ಉಳಿಸಿ’ ಆರಿಸಿ. ಅಷ್ಟೇ.

ಇನ್ನು ಜೂರಿಸ್‌ಡಿಕ್ಷನ್. ‘ಯಾವುದೇ ವ್ಯಾಜ್ಯ ದೆಹಲಿಯ ನ್ಯಾಯಾಲಯದಲ್ಲಿ ಮಾತ್ರ’ ಅಂತ ಇರುತ್ತದೆ. ಮುಂಬೈ, ಗುರುಗ್ರಾಮ ಕೂಡ ಇರಬಹುದು. ಇದನ್ನು ಓದಿದವರು ಅಲ್ಲಿಗೇ ಕೈ ಚೆಲ್ಲುತ್ತಾರೆ. 800 ರೂಪಾಯಿಯ ಮಿಕ್ಸಿ ಜಾರ್‌ಗಾಗಿ ದೆಹಲಿಗೆ ಯಾರು ಹೋಗ್ತಾರೆ, ಅಲ್ವಾ? ಆದರೆ ಹೋಗಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಪಾವಗಡದವರು ತುಮಕೂರಿಗೆ ಬಂದರೆ ಸಾಕು. ಅದೂ ಬೇಡ ಅಂದರೆ ಇ-ಜಾಗೃತಿ ಅನ್ನುವ ಸರ್ಕಾರಿ ತಾಣದಲ್ಲಿ ಮನೆಯಿಂದಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ. ನಾನು ಈ ಕಲಂ ನಂಬರನ್ನು ಅಂಗಡಿಯ ಗೋಡೆಗೆ ಬರೆದು ಅಂಟಿಸಿದ್ದೇನೆ.

ನಿಮ್ಮ ವಿವರ ಯಾರ ಕೈಗೆ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು 80 ದಾಟಿತ್ತು. ಪ್ರೈವಸಿ ಎಲ್ಲ ಇಂಗ್ಲಿಷಿನವರ ಚಿಂತೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಸೈಟುಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಅದರಲ್ಲಿ ನಮಗೆ ಬೇಕಾದ್ದು ಮೂರು ವಿಷಯ.

ಒಂದು, ಯಾವ ವಿವರ, ಯಾಕೆ ಬೇಕು ಅನ್ನುವ ತಿಳಿವಳಿಕೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಅದರಲ್ಲಿದೆ. ಹಾಗಾಗಿ ಕನ್ನಡದಲ್ಲಿ ಕೊಡಿ ಅಂತ ಕೇಳುವುದು ಆ ಗಡುವು ಮುಗಿದ ಮೇಲೆ ಬೇಡಿಕೆಯಲ್ಲ, ಹಕ್ಕು. ಎರಡು, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಒಂದು ಒತ್ತಿಗೆ ಕೊಟ್ಟಿದ್ದನ್ನು ವಾಪಸ್ ತೆಗೆಯಲು ಮೂರು ಪುಟದ ಪತ್ರ ಬರೆಸುವಂತಿಲ್ಲ. ಮೂರು, 18 ವರ್ಷದೊಳಗಿನ ಮಕ್ಕಳ ವಿವರ ತೆಗೆದುಕೊಳ್ಳಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಪಿಯುಸಿ ಹುಡುಗರು ಹುಟ್ಟಿದ ವರ್ಷ ಎರಡು ಹಿಂದಕ್ಕೆ ಹಾಕಿ ಅಂತ ನನ್ನ ಮುಂದೆಯೇ ಹೇಳುತ್ತಾರೆ. ನಾನು ಹಾಕುವುದಿಲ್ಲ. ಗೇಮಿಂಗ್ ಅಕೌಂಟ್ ಹೋದರೆ ಹೋಗಲಿ.

ಗೌಪ್ಯತಾ ನೀತಿಯ ಪುಟದಲ್ಲಿ ಹೀಗೆ ಹುಡುಕಿ: ಏನು ತೆಗೆದುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅಳಿಸಿ ಅಂದರೆ ಅಳಿಸುತ್ತಾರಾ. ‘ಥರ್ಡ್ ಪಾರ್ಟಿ’ (third party, ಅಂದರೆ ಹೊರಗಿನ ಮೂರನೆಯವರು) ಅಂತ ಹುಡುಕಿದರೆ ಎರಡನೆಯದಕ್ಕೆ ಉತ್ತರ ಸಿಗುತ್ತದೆ. ‘ನಮ್ಮ ಪಾಲುದಾರರು’ ಅಂತ ಬರೆದು ಯಾರು ಅಂತ ಹೇಳದಿದ್ದರೆ ನಿಮ್ಮ ನಂಬರ್ ಊರೆಲ್ಲ ಸುತ್ತುತ್ತದೆ ಅಂತಲೇ ತಿಳಿಯಿರಿ. ಸರ್ಕಾರದ ಸೈಟುಗಳು ಸುಮ್ನೆ ನೋಡಿ ಹೋಗುವವರ ಹೆಸರು, ಫೋನ್ ನಂಬರನ್ನು ತಾವಾಗಿ ತೆಗೆದುಕೊಳ್ಳುವುದಿಲ್ಲ ಅಂತ ಸಾಮಾನ್ಯವಾಗಿ ಹೇಳುತ್ತವೆ. ನಿಮ್ಮ ಇಂಟರ್‌ನೆಟ್ ವಿಳಾಸ, ಬ್ರೌಸರ್ ಯಾವುದು, ಬಂದ ದಿನ ಮತ್ತು ಸಮಯ ಮಾತ್ರ ದಾಖಲಾಗುತ್ತದೆ.

ಕುಕೀ ಅಂದರೆ ಟೋಕನ್

‘ಈ ಸೈಟು ಕುಕೀ ಬಳಸುತ್ತದೆ’ ಅಂತ ಬಂದಾಗ ಒಬ್ಬ ಅಜ್ಜ ನನ್ನನ್ನು ಕೇಳಿದ್ದರು, ಬಿಸ್ಕತ್ತು ಕೊಡ್ತಾರಾ ಅಂತ. ಅವರನ್ನು ನೋಡಿ ನಕ್ಕು ಏನು ಪ್ರಯೋಜನ? ಹೆಸರು ಇಟ್ಟವರದ್ದೇ ತಪ್ಪು.

ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಟೋಕನ್ ಕೊಡುತ್ತಾರಲ್ಲ, ಕುಕೀ ಅಂಥದ್ದು. ವೆಬ್‌ಗೆ ಹುಟ್ಟಾ ಮರೆವು. ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ನೀವು ಯಾರು ಅಂತ ಸೈಟಿಗೆ ನೆನಪಿರುವುದಿಲ್ಲ. ಸಿದ್ಧಗಂಗೆ ಜಾತ್ರೆಯ ಜನಸಂದಣಿಯಲ್ಲಿ ಚಪ್ಪಲಿ ಕಾಯುವವನಿಗೆ ನಿಮ್ಮ ಮುಖ ನೆನಪಿರುತ್ತದಾ? ಅದಕ್ಕೇ ಟೋಕನ್. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಎಂಜಿನಿಯರ್ ಈ ಉಪಾಯ ಮಾಡಿದ. ಸೈಟು ನಿಮ್ಮ ಬ್ರೌಸರಿನಲ್ಲಿ ಒಂದು ಚೂರು ಬರಹ ಇಟ್ಟು ಹೋಗುತ್ತದೆ. ಮುಂದಿನ ಪುಟಕ್ಕೆ ಹೋದಾಗ ಬ್ರೌಸರ್ ಅದನ್ನು ತೋರಿಸುತ್ತದೆ. ಲಾಗಿನ್ ಉಳಿಯುವುದು, ಬುಟ್ಟಿಯಲ್ಲಿ ಸಾಮಾನು ಉಳಿಯುವುದು ಇದರಿಂದಲೇ. ಇಂಥ ಕುಕೀ ಬೇಕು. ಇದನ್ನು ತಡೆದರೆ ಅರ್ಜಿ ಅರ್ಧಕ್ಕೇ ಬೀಳುತ್ತದೆ.

ತಕರಾರು ಇರುವುದು ಮೂರನೆಯವರ ಕುಕೀಗೆ. ಎಂ.ಜಿ. ರಸ್ತೆಯಲ್ಲಿ ನೀವು ಹತ್ತು ಅಂಗಡಿ ಹತ್ತಿ ಇಳಿದಿರಿ ಅನ್ನಿ. ಪ್ರತಿ ಅಂಗಡಿಯ ಬಾಗಿಲಲ್ಲೂ ಒಬ್ಬನೇ ಯಜಮಾನನ ಆಳುಗಳು ಕೂತಿದ್ದಾರೆ. ಅಂಗಡಿಯವರ ಆಳುಗಳಲ್ಲ, ಹೊರಗಿನವರು. ಎಲ್ಲರೂ ನಿಮ್ಮ ಟೋಕನ್ ನಂಬರ್ ನೋಡಿ ಬರೆದುಕೊಳ್ಳುತ್ತಾರೆ. ಸಂಜೆಗೆ ಆ ಯಜಮಾನನಿಗೆ ನೀವು ಸೀರೆ ನೋಡಿದ್ದು, ಬಿ.ಪಿ. ಮಾತ್ರೆ ಕೊಂಡಿದ್ದು, ಸಾಲದ ಬಡ್ಡಿ ವಿಚಾರಿಸಿದ್ದು ಎಲ್ಲ ಗೊತ್ತು. ಬೆಳಗ್ಗೆ ಒಂದು ಕಡೆ ಮಂಡಿ ನೋವಿನ ಎಣ್ಣೆ ನೋಡಿದರೆ ಸಂಜೆ ಅಡುಗೆ ಪುಟದಲ್ಲೂ ಅದೇ ಎಣ್ಣೆಯ ಜಾಹೀರಾತು ಬರುವುದು ಹೀಗೆ.

ಸಫಾರಿ ಬ್ರೌಸರ್ 2020ರಿಂದಲೇ ಈ ಆಳುಗಳನ್ನು ಹೊರಗೆ ನಿಲ್ಲಿಸಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿನ ಕುಕೀಗೂ ಬೇರೆ ಬೇರೆ ಡಬ್ಬಿ ಇಟ್ಟಿದೆ. ಕ್ರೋಮ್ ನಿಲ್ಲಿಸುತ್ತೇನೆ ಅಂತ ವರ್ಷಗಟ್ಟಲೆ ಹೇಳಿ ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟಿತು. ನಮ್ಮಲ್ಲಿ ಬಹುತೇಕ ಫೋನುಗಳಲ್ಲಿ ಕ್ರೋಮೇ ಇರುವುದು. ಹಾಗಾಗಿ ಕೈಯಾರೆ ಮಾಡಬೇಕು. ಮೂರು ಚುಕ್ಕಿ, ಸೆಟ್ಟಿಂಗ್ಸ್, ಗೌಪ್ಯತೆ ಮತ್ತು ಭದ್ರತೆ, ಅದರೊಳಗೆ ಥರ್ಡ್ ಪಾರ್ಟಿ ಕುಕೀಗಳು. ನಿರ್ಬಂಧಿಸಿ. ಯಾವುದಾದರೂ ಸೈಟಿನಲ್ಲಿ ಪಾವತಿ ಸಿಕ್ಕಿಕೊಂಡರೆ ಆ ಸೈಟಿಗೆ ಮಾತ್ರ ಬಿಟ್ಟುಕೊಡಿ.

ಪುಟದ ಮೇಲೆ ಬರುವ ಕುಕೀ ಪಟ್ಟಿಯಲ್ಲಿ ‘ಎಲ್ಲ ಒಪ್ಪಿಕೊಳ್ಳಿ’ ದೊಡ್ಡದಾಗಿ ಹಸಿರಾಗಿ ಇರುತ್ತದೆ. ‘ತಿರಸ್ಕರಿಸಿ’ ಅನ್ನುವುದು ಬೂದು ಬಣ್ಣದಲ್ಲಿ ಅಡಗಿ ಕೂತಿರುತ್ತದೆ, ಕೆಲವು ಕಡೆ ‘ಸೆಟ್ಟಿಂಗ್ಸ್’ ಒಳಗೆ. ಹುಡುಕಿ ಅದನ್ನೇ ಒತ್ತಿ. ಅಗತ್ಯದ ಕುಕೀ ಹೇಗೂ ಇರುತ್ತದೆ, ಸೈಟು ಕೆಲಸ ಮಾಡುತ್ತದೆ. ಈ ಪಟ್ಟಿಗಳು ಇಷ್ಟು ಹೆಚ್ಚಿದ್ದು ಯುರೋಪಿನಲ್ಲಿ 2018ರ ಮೇ ತಿಂಗಳಲ್ಲಿ ಜಿಡಿಪಿಆರ್ ಎಂಬ ಖಾಸಗಿ ವಿವರ ಕಾಯುವ ಕಾನೂನು ಜಾರಿಯಾದ ಮೇಲೆ. ಅಲ್ಲಿನವರಿಗಾಗಿ ಮಾಡಿದ್ದು ಇಲ್ಲಿ ನಮಗೂ ಕಾಣುತ್ತಿದೆ.

ಈಗ ನನ್ನಂಥ ಅಂಗಡಿಗೆ ಬರುವವರಿಗೆ ಒಂದು ಮಾತು. ಟೋಕನ್ ಇರುವುದು ಬ್ರೌಸರಿನಲ್ಲಿ, ಅಂದರೆ ನನ್ನ ಕಂಪ್ಯೂಟರಿನಲ್ಲಿ. ನೀವು ಲಾಗೌಟ್ ಮಾಡದೆ ಎದ್ದು ಹೋದರೆ ಮುಂದೆ ಕೂತವನು ನೀವೇ ಆಗಿಬಿಡುತ್ತಾನೆ. ಒಂದು ಸಲ ಒಬ್ಬ ಹುಡುಗಿಯ ಇಮೇಲ್ ತೆರೆದಂತೆಯೇ ಎರಡು ದಿನ ಇತ್ತು. ಗಮನಿಸಿದ ಕೂಡಲೇ ಮುಚ್ಚಿದೆ, ಆದರೆ ಅವಳಿಗೆ ಅದು ಇವತ್ತಿಗೂ ಗೊತ್ತಿಲ್ಲ. ಬೇರೆಯವರ ಯಂತ್ರದಲ್ಲಿ ಕೂತರೆ ಇನ್‌ಕಾಗ್ನಿಟೋ ಕಿಟಕಿಯಲ್ಲೇ ತೆರೆಯಲು ಹೇಳಿ. ಅದರ ಕಿಟಕಿಗಳನ್ನೆಲ್ಲ ಮುಚ್ಚಿದರೆ ಆ ಕುಕೀಗಳು ಹೋಗುತ್ತವೆ. ನೀವು ಬಂದಿದ್ದು ಸೈಟಿಗೆ ಗೊತ್ತಾಗುವುದಿಲ್ಲ ಅಂತ ಮಾತ್ರ ತಿಳಿಯಬೇಡಿ, ಗೊತ್ತಾಗುತ್ತದೆ. ‘ಪಾಸ್‌ವರ್ಡ್ ಉಳಿಸಲಾ?’ ಅಂತ ಕೇಳಿದರೆ ಬೇಡ ಅನ್ನಿ. ಇಳಿಸಿದ ಆಧಾರ್ ಪಿಡಿಎಫ್ ‘ಡೌನ್‌ಲೋಡ್ಸ್’ನಲ್ಲಿ ಕೂತಿರುತ್ತದೆ. ಅದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿಸಿ. ಅಂಗಡಿಯವರು ಮುಖ ಗಂಟು ಹಾಕಿದರೂ ಪರವಾಗಿಲ್ಲ.

ಕಣ್ಣು ಕಾಣದವರಿಗೆ ಸೈಟು ಹೇಗೆ ಕಾಣುತ್ತದೆ?

ನಮ್ಮ ಅಂಗಡಿಗೆ ಬರುವ ಒಬ್ಬ ಮೇಷ್ಟರಿಗೆ ದೃಷ್ಟಿ ಇಲ್ಲ. ಫೋನನ್ನು ಕಿವಿಯಲ್ಲೇ ಓದುತ್ತಾರೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಅನ್ನುವ ಸೌಲಭ್ಯ ಇದೆ, ಕನ್ನಡದಲ್ಲೂ ಮಾತಾಡುತ್ತದೆ. ಅವರು ಹಾಕಿಕೊಂಡಿರುವ ವೇಗದಲ್ಲಿ ನನಗೆ ಒಂದಕ್ಷರ ತಿಳಿಯುವುದಿಲ್ಲ. ಅವರಿಗೆ ಮಾತ್ರ ಸಲೀಸು. ಕಂಪ್ಯೂಟರಿಗೆ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಇದೆ.

ಒಂದು ದಿನ ಸುತ್ತೋಲೆಯೊಂದನ್ನು ಅವರ ಫೋನಿಗೆ ಕಳಿಸಿದೆ. ಫೋನು ಏನೇನೋ ಇಂಗ್ಲಿಷ್ ಅಕ್ಷರ ಉಗುಳಿತು. ‘ನಿಮಗೆ ಕಾಣೋ ಕನ್ನಡ ನನ್ನ ಫೋನಿಗೆ ಕನ್ನಡ ಅಲ್ಲ’ ಅಂದರು. ಅವತ್ತು ಅರ್ಥವಾಯಿತು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಗೋಜಲು. ನೀವೇ ಪರೀಕ್ಷೆ ಮಾಡಬಹುದು. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ವಿಚಿತ್ರ ಅಕ್ಷರ ಬಂದರೆ ಹಳೆ ಫಾಂಟು. ಕಾಪಿಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಫೋನಿಗೆ ಖಾಲಿ ಹಾಳೆ ಇದ್ದಂತೆ.

ಟಾಕ್‌ಬ್ಯಾಕ್ ಶುರು ಮಾಡಲು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ. ಒಮ್ಮೆ ಆನ್ ಆದರೆ ಬೆರಳಿನ ಲೆಕ್ಕ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಗೊತ್ತಿಲ್ಲದೆ ಆನ್ ಮಾಡಿಕೊಂಡು ಫೋನ್ ಕೆಟ್ಟುಹೋಯ್ತು ಅಂತ ಓಡಿ ಬಂದವರಿದ್ದಾರೆ. ಪೂರ್ತಿ ಕುರುಡಿಲ್ಲ, ಅಕ್ಷರ ಮಸುಕು ಅಷ್ಟೇ ಅಂದರೆ ಸರ್ಕಾರಿ ಸೈಟುಗಳಲ್ಲಿ ಅಕ್ಷರ ದೊಡ್ಡದು ಮಾಡುವ, ಬಣ್ಣ ಗಾಢ ಮಾಡುವ ಗುಂಡಿ ಹುಡುಕಿ. ಸೈಟು ಎಲ್ಲರಿಗೂ ಬಳಸಲು ಬರಬೇಕು ಅಂತ ಜಗತ್ತೆಲ್ಲ ಪಾಲಿಸುವ ಡಬ್ಲ್ಯೂಸಿಎಜಿ ಸೂತ್ರದ ಪ್ರಕಾರ ಅಕ್ಷರವನ್ನು ಇಮ್ಮಡಿ ಮಾಡಿದರೂ ಪುಟ ಕೆಡಬಾರದು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು. ಬಿಳಿ ಮೇಲೆ ತಿಳಿ ಬೂದು ಬರೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಇದು ದಯೆಯ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಎಲ್ಲರ ಕೈಗೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಆ ಅರ್ಜಿ ಹಾಕಿದವರಲ್ಲಿ ಆಸಿಡ್ ದಾಳಿಗೆ ಸಿಕ್ಕವರಿದ್ದರು, ದೃಷ್ಟಿ ಇಲ್ಲದ ವಕೀಲರೂ ಇದ್ದರು. ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ ಮಾಡುವಾಗ ‘ಕಣ್ಣು ಮಿಟುಕಿಸಿ’ ಅಂತ ಆ್ಯಪ್ ಹೇಳಿದರೆ ರೆಪ್ಪೆ ಸುಟ್ಟುಹೋದವರು ಏನು ಮಾಡಬೇಕು?

ಸೈಟು ಓದಲು ಆಗದಿದ್ದರೆ ಹೀಗೆ ಬರೆಯಿರಿ: ಯಾವ ಪುಟ, ಯಾವ ಫೋನು, ಏನು ಒತ್ತಿದಾಗ ಏನಾಯಿತು. ‘ಸೈಟ್ ಸರಿಯಿಲ್ಲ’ ಅಂದರೆ ಯಾರಿಗೂ ತಿಳಿಯುವುದಿಲ್ಲ. ‘ಸಲ್ಲಿಸಿ ಗುಂಡಿಗೆ ಹೆಸರಿಲ್ಲ, ಟಾಕ್‌ಬ್ಯಾಕ್ ಬರೀ ಬಟನ್ ಅನ್ನುತ್ತದೆ’ ಅಂದರೆ ಸರಿಮಾಡಬಹುದು. ಸರ್ಕಾರಿ ಸೈಟಿನ ಬುಡದಲ್ಲೋ ‘ಸಂಪರ್ಕಿಸಿ’ ಪುಟದಲ್ಲೋ ವೆಬ್ ಮಾಹಿತಿ ವ್ಯವಸ್ಥಾಪಕರ ವಿಳಾಸ ಇರುತ್ತದೆ. ಅಲ್ಲಿಗೆ ಕಳಿಸಿ. ಮೇಷ್ಟರು ಹೀಗೆ ಬರೆದ ಮೂರು ದೂರಿನಲ್ಲಿ ಒಂದು ಸರಿಯಾಗಿದೆ. ಎರಡಕ್ಕೆ ಇನ್ನೂ ಕಾಯುತ್ತಿದ್ದಾರೆ.

ಮೋಸ ಆಗಿದ್ದರೆ

ಹಣ ಹಾರಿಹೋಗಿದ್ದರೆ ಬೇರೆ ಏನೂ ಯೋಚಿಸದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಸೈಟೇ ಮೋಸದ್ದು ಅಲ್ಲ, ವ್ಯವಹಾರದ ತಕರಾರು ಅಂದರೆ ಮೊದಲು ಸೈಟಿನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ಹೆಸರು, ಇಮೇಲ್ ಸೈಟಿನಲ್ಲಿ ಇರಲೇಬೇಕು. ಆನ್‌ಲೈನ್ ಅಂಗಡಿಯಾದರೆ 48 ಗಂಟೆಯಲ್ಲಿ ದೂರು ತಲುಪಿತು ಅಂತ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಸಾಮಾಜಿಕ ಜಾಲತಾಣವಾದರೆ 24 ಗಂಟೆ, 7 ದಿನ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಆಯೋಗ.

ಇಂಕ್ ಸೈಟಿನ ಮೆಂಬರ್‌ಶಿಪ್ ವಿಚಾರಕ್ಕೆ ನಾನು 1915ಕ್ಕೆ ಮಾಡಿದ್ದೆ. ಟಿಕ್ ಮೊದಲೇ ಬಿದ್ದಿದ್ದ ಪುಟದ ಸ್ಕ್ರೀನ್‌ಶಾಟ್ ಇದೆಯಾ ಅಂತ ಕೇಳಿದರು. ಅದೇ ಇಂಕ್ ಮತ್ತೆ ಬುಟ್ಟಿಗೆ ಹಾಕಿ ನೋಡಿದೆ, ಟಿಕ್ ಅಲ್ಲೇ ಕೂತಿತ್ತು. ಸ್ಕ್ರೀನ್‌ಶಾಟ್ ಕಳಿಸಿದೆ. ಹನ್ನೆರಡನೇ ದಿನ ಐದು ತಿಂಗಳ ಹಣವೂ ವಾಪಸ್ ಬಂತು, 745 ರೂಪಾಯಿ. ಇಂಕ್ ಮಾತ್ರ ಈಗ ಚಿಕ್ಕಪೇಟೆಯಲ್ಲೇ ತರುತ್ತೇನೆ.